ಅನುದಾನವೂ ಧರ್ಮಬೋಧೆಯೂ

ಚಿಕ್ಕಜಾಲದ ಭಕ್ತರ ಮನೆಯೊಂದರಲ್ಲಿ ಪ್ರಸಾದ ಸ್ವೀಕರಿಸಿ ಕುಳಿತಿದ್ದಾಗ ಯಜಮಾನರು ನಮ್ಮನ್ನು ಕೇಳಿದರು: "ಗುರುಗಳೇ, ಸರ್ಕಾರದ ಅನುದಾನ ಪಡೆದ ಮಠದ ಶಾಲೆಯಲ್ಲಿ ನಮ್ಮ ಧರ್ಮವನ್ನು ಬೋಧಿಸಬಾರದೇ?"

ಸಂವಿಧಾನದ 28ನೆಯ ವಿಧಿ ಇದಕ್ಕೆ ಉತ್ತರ ನೀಡಿದೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಸಲ್ಲದು. ಮಾನ್ಯತೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಗೆ ಆ ನಿಷೇಧವಿಲ್ಲ. ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಬೋಧೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಅಪ್ರಾಪ್ತ ವಯಸ್ಸಿನ ಮಕ್ಕಳ ಪರವಾಗಿ ಪಾಲಕರು ಒಪ್ಪಬೇಕು. ಧರ್ಮಗಳ ಅಧ್ಯಯನ ಬೇರೆ, ಒಂದು ಧರ್ಮದ ಆಚರಣೆಯ ಬೋಧೆ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯವು 2002ರ ಅರುಣಾ ರಾಯ್ ಪ್ರಕರಣದಲ್ಲಿ ವಿವೇಚಿಸಿತು. ಆದಕಾರಣ ಕನ್ನಡ ಪಾಠದಲ್ಲಿ ವಚನ ಓದಿಸುವುದು ದೋಷವಲ್ಲ. ಲಿಂಗಪೂಜೆಯನ್ನು ಎಲ್ಲರಿಗೂ ಕಡ್ಡಾಯಗೊಳಿಸುವುದು ದೋಷ.

"ಕಟ್ಟಡ ಭಕ್ತರದು, ಕಟ್ಟಳೆ ಮಾತ್ರ ಸರ್ಕಾರದ್ದೇ?" ಎಂದರು ಯಜಮಾನರು. ಅವರ ನೋವು ನಮಗೆ ಅರ್ಥವಾಗದೆ ಇಲ್ಲ. ಆದರೆ ಅನುದಾನದಿಂದ ಬರುವ ಶಿಕ್ಷಕರ ವೇತನ ಎಲ್ಲ ಮತದವರೂ ತೆತ್ತ ತೆರಿಗೆಯದು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು (1907–2019) ಜಾತಿಮತ ಎಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಒತ್ತಾಯವಿಲ್ಲದ ದಾಸೋಹವೇ ಅಲ್ಲಿ ಮೌನವಾದ ಧರ್ಮಬೋಧೆಯಾಯಿತು.

ಶಾಲೆಯ ಗಂಟೆ ಬಾರಿಸುವ ಮುನ್ನ ತಾಯಿತಂದೆಗಳು ಮನೆಯಲ್ಲಿ ಲಿಂಗಪೂಜೆಗೆ ಕುಳಿತರೆ ಮಗು ತಾನಾಗಿ ಪಕ್ಕಕ್ಕೆ ಬಂದು ಕೂರುತ್ತದೆ. ಆ ಪಾಠಕ್ಕೆ ಅನುದಾನ ಬೇಕಿಲ್ಲ; ಯಾವ ವಿಧಿಯೂ ಅದಕ್ಕೆ ಅಡ್ಡಬಾರದು. ಮನೆಯಲ್ಲಿ ನಾವು ಬಿಟ್ಟುದನ್ನು ಶಾಲೆಯಲ್ಲಿ ಕಡ್ಡಾಯದಿಂದ ತುಂಬಿಸಲಾಗದು.