ಸದ್ದು ಮಾಡುವುದೇ ಬೆಡಿಯ ಕೆಲಸ: ಊರಿನ ಕೋವಿಗೆ ಸಯನ್‌ನ ವಾರಸುದಾರ

ಹೊಟ್ಟೆಪಾಡಿಗಾಗಿ ಮುಂಬಯಿ ಮಹಾನಗರಕ್ಕೆ ಬಂದು ನೆಲೆನಿಂತ ನಮ್ಮವರು ಊರಿನಲ್ಲಿ ಬಿಟ್ಟುಬಂದ ಗದ್ದೆ, ತೋಟ, ದೈವದ ಚಾವಡಿಗಳ ಬಗ್ಗೆ ಸಂಘ-ಸಂಸ್ಥೆಗಳ ಸಭೆಗಳಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ಅಜ್ಜನ ಕಾಲದ ಕೋವಿಯ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ತುಳುವಿನಲ್ಲಿ ನಾವು ಬೆಡಿ ಎನ್ನುವ ಈ ವಸ್ತು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಅನೇಕ ಕೃಷಿಕ ಮನೆಗಳಲ್ಲಿ ಇಂದಿಗೂ ಇದೆ. ಅದರ ಪರವಾನಿಗೆ ತಂದೆಯ ಹೆಸರಿನಲ್ಲಿದೆ, ತಂದೆ ಇಲ್ಲ, ಮಗ ಸಯನ್‌ನಲ್ಲಿ ಇದ್ದಾನೆ ಎನ್ನುವ ಸ್ಥಿತಿ ಹಲವು ಕುಟುಂಬಗಳದ್ದು.

ಬೆಳ್ತಂಗಡಿ ಕಡೆಯ ಅಂಥ ಒಂದು ಕುಟುಂಬದ ಮಾತು ಇತ್ತೀಚೆಗೆ ಸಯನ್ ಪರಿಸರದಲ್ಲಿ ಕಿವಿಗೆ ಬಿತ್ತು. ಮನೆಯ ಯಜಮಾನರು ತೀರಿಕೊಂಡು ವರ್ಷ ಎರಡಾಯಿತು. ಅಡಿಕೆ ತೋಟದ ಮನೆಯಲ್ಲಿ ಈಗ ವಯಸ್ಸಾದ ತಾಯಿ ಮತ್ತು ಕಿರಿಯ ಮಗ. ಹಿರಿಯವನು ಇಲ್ಲಿ ಹೋಟೆಲ್ ನೋಡಿಕೊಂಡಿದ್ದಾನೆ. "ಮಗಾ, ಮಂಗ ಬಂದು ಸೀಯಾಳವನ್ನೆಲ್ಲ ಮುಗಿಸಿಬಿಟ್ಟಿತು, ಬೆಡಿ ಉಂಟು, ಹಾರಿಸ್ಲಿಕ್ಕೆ ಜನ ಇಲ್ಲ" ಎಂದು ತಾಯಿ ಫೋನಿನಲ್ಲಿ ಹೇಳುತ್ತಿದ್ದರಂತೆ. ಅಷ್ಟರಲ್ಲಿ ಮೊಬೈಲಿನಲ್ಲಿ ವಿದೇಶದ ವಿಡಿಯೋ ನೋಡಿದ ನೆಂಟರೊಬ್ಬರು ಸಲಹೆ ಕೊಟ್ಟರು. ಹಳೆಯ ಕೋವಿಯನ್ನು ಯಾರಿಂದಲಾದರೂ ಪಾಯಿಂಟ್ ಟೂಟೂ ರೈಫಲ್ ಆಗಿ ಮಾರ್ಪಡಿಸಿ, ಬಾಯಿಗೊಂದು ಸೈಲೆನ್ಸರ್ ಹಾಕಿಸಿಬಿಡು, ನೆರೆಕರೆಗೂ ಕೇಳಿಸುವುದಿಲ್ಲ, ಠಾಣೆಗೂ ಕೇಳಿಸುವುದಿಲ್ಲ ಎಂದು. ಮಗನಿಗೆ ಅದು ಜಾಣ ಉಪಾಯವಾಗಿಯೇ ಕಂಡಿತ್ತು. ಪುಣ್ಯಕ್ಕೆ ಕೈಹಾಕುವ ಮೊದಲು ತಿಳಿದವರಲ್ಲಿ ಕೇಳಿದ. ಇದೇ ಸಲಹೆ ಬೇರೆಯವರ ಕಿವಿಗೂ ಬಿದ್ದಿರಬಹುದಾದ ಕಾರಣ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು.

ಮೊದಲು ಸೈಲೆನ್ಸರ್ ಎಂದರೇನು ನೋಡೋಣ. ನಮಗೆಲ್ಲ ಪರಿಚಯ ಇರುವುದು ಬೈಕಿನ ಸೈಲೆನ್ಸರ್. ಕೋವಿಯದ್ದೂ ಅದರ ದಾಯಾದಿಯೇ. ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎನ್ನುವವರು 1909ರಲ್ಲಿ ಕೋವಿಯ ಸೈಲೆನ್ಸರ್‌ಗೆ ಪೇಟೆಂಟ್ ಪಡೆದರು. ಅದೇ ತತ್ತ್ವದಲ್ಲಿ ಎಂಜಿನ್‌ಗಳ ಸದ್ದು ತಗ್ಗಿಸುವ ಸಾಧನಗಳನ್ನೂ ಮಾಡಿದರು. ಇವರ ತಂದೆ ಮೆಷಿನ್ ಗನ್ ಕಂಡುಹಿಡಿದ ಮ್ಯಾಕ್ಸಿಮ್. ಅಪ್ಪ ಎಬ್ಬಿಸಿದ ಸದ್ದನ್ನು ಮಗ ಅಡಗಿಸಲು ಹೊರಟದ್ದು ತಮಾಷೆಯೇ ಸರಿ. ಗುಂಡಿನ ಹಿಂದೆ ನುಗ್ಗಿ ಬರುವ ಬಿಸಿ ಅನಿಲ ಒಮ್ಮೆಲೇ ಹೊರಗಿನ ಗಾಳಿಗೆ ಬಡಿಯದಂತೆ, ಸಾಲು ಅಡ್ಡಬಿಲ್ಲೆಗಳಿರುವ ಕೊಳವೆಯಲ್ಲಿ ಅದನ್ನು ತಡೆದು ತಣಿಸಿ ಬಿಡುವುದು ಇದರ ಕೆಲಸ. ಸಿನಿಮಾದಲ್ಲಿ ತೋರಿಸುವ ಹಾಗೆ ಸದ್ದೇ ಇಲ್ಲವಾಗುವುದಿಲ್ಲ. ಸುಮಾರು 140 ಡೆಸಿಬಲ್ ಇರುವ ಸಣ್ಣ ರೈಫಲಿನ ಸದ್ದು 20-30 ಡೆಸಿಬಲ್ ಇಳಿಯಬಹುದು, ಅಷ್ಟೆ.

ಪಾಯಿಂಟ್ ಟೂಟೂ ವಿಷಯದಲ್ಲಿಯೇ ಇದರ ಸುದ್ದಿ ಹೆಚ್ಚು ಬರಲು ಕಾರಣವಿದೆ. ಇದರ ತೋಟಾ ರಿಮ್‌ಫೈರ್ ಜಾತಿಯದ್ದು, ಅಂದರೆ ಕಿಡಿ ಹೊತ್ತಿಸುವ ಮದ್ದು ತೋಟಾದ ಬುಡದ ಅಂಚಿನಲ್ಲೇ ಇರುತ್ತದೆ. ಸಿಡಿಮದ್ದು ಕಡಿಮೆ. ಸಾಮಾನ್ಯ ಸ್ಪರ್ಧೆಯ ಗುಂಡು ಸೆಕೆಂಡಿಗೆ 330 ಮೀಟರ್ ಆಸುಪಾಸಿನಲ್ಲಿ, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತದೆ. ಹಾಗಾಗಿ ಗಾಳಿಯಲ್ಲಿ ಚಟೀರ್ ಎನ್ನುವ ಎರಡನೇ ಸದ್ದು ಹುಟ್ಟುವುದಿಲ್ಲ. ನ್ಯೂಜಿಲೆಂಡ್, ಫಿನ್ಲೆಂಡ್, ನಾರ್ವೆಗಳಲ್ಲಿ ಬೇಟೆಗಾರರು ಕಿವಿ ಉಳಿಸಿಕೊಳ್ಳಲು ಸೈಲೆನ್ಸರ್ ಬಳಸುತ್ತಾರೆ. ಅಮೆರಿಕದಲ್ಲಿ 1934ರಿಂದ ಇದಕ್ಕೆ 200 ಡಾಲರ್ ತೆರಿಗೆ ಇತ್ತು. 2026ರ ಜನವರಿಯಿಂದ ತೆರಿಗೆ ಸೊನ್ನೆಯಾದರೂ ನೋಂದಣಿ ತಪ್ಪಿಲ್ಲ. ವಿಡಿಯೋಗಳು ಬರುವುದು ಇಂಥ ದೇಶಗಳಿಂದ. ಅಲ್ಲಿನ ಕಾನೂನು ವಿಡಿಯೋದ ಜತೆ ಇಲ್ಲಿಗೆ ಬರುವುದಿಲ್ಲ.

ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ "ಬಂದೂಕು" ಎಂಬ ಪದದ ವ್ಯಾಖ್ಯೆಯೊಳಗೇ ಸದ್ದು ಅಥವಾ ಬೆಂಕಿಯ ಮಿಂಚನ್ನು ತಗ್ಗಿಸಲು ಮಾಡಿದ ಸಾಧನವೂ ಸೇರಿದೆ. ಅಂದರೆ ಕೋವಿ ಇಲ್ಲದೆ ಬರೇ ಸೈಲೆನ್ಸರ್ ಕಪಾಟಿನಲ್ಲಿದ್ದರೂ ಕಾನೂನಿನ ಕಣ್ಣಿಗೆ ಅದು ಬಂದೂಕೇ. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಪರವಾನಿಗೆಯಲ್ಲಿ ಅದು ಸೇರುವುದಿಲ್ಲ. ಕೋವಿಗೆ ಲೈಸೆನ್ಸ್ ಇದೆಯಲ್ಲ, ಅದರ ಬಿಡಿಭಾಗಕ್ಕೆ ಯಾರು ಕೇಳುತ್ತಾರೆ ಎನ್ನುವವರ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ಇನ್ನು ಮಾರ್ಪಾಡಿನ ಮಾತು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ನಮ್ಮ ಹಿರಿಯರಿಗೆ ಮಾರ್ಪಡಿಸಿದ ರೈಫಲ್ ಹೊಸತೇನಲ್ಲ. ಖಾಕಿ ತೊಟ್ಟು ಮೈದಾನದಲ್ಲಿ ಮಲಗಿ ಅವರು ಗುರಿ ಹಿಡಿದ ಪಾಯಿಂಟ್ ಟೂಟೂ ರೈಫಲ್‌ಗಳಲ್ಲಿ ನಂಬರ್ ಟೂ ಮಾರ್ಕ್ ಫೋರ್ ಎಂಬುದು, ಬ್ರಿಟಿಷರ ಸೈನ್ಯದ ಪಾಯಿಂಟ್ 303 ಲೀ-ಎನ್‌ಫೀಲ್ಡ್ ರೈಫಲನ್ನೇ ತರಬೇತಿಗಾಗಿ ಸಣ್ಣ ತೋಟಾಕ್ಕೆ ಹೊಂದಿಸಿದ್ದು. ತೂಕ, ಬೋಲ್ಟು, ಹಿಡಿಯುವ ರೀತಿ ದೊಡ್ಡದರದ್ದೇ, ಹಾರುವ ಗುಂಡು ಮಾತ್ರ ಅಗ್ಗದ್ದು, ಭುಜಕ್ಕೆ ಒದೆತವಿಲ್ಲದ್ದು. ಬಂಗಾಳದ ಇಚ್ಛಾಪುರದ ಸರಕಾರಿ ಕಾರ್ಖಾನೆ ಇದೇ 303 ಮಾದರಿಯನ್ನು ಕಾವಲಿನವರಿಗಾಗಿ ಪಾಯಿಂಟ್ 410 ಮಸ್ಕೆಟ್ ಆಗಿಯೂ ಮಾಡಿತ್ತು. ಇವೆಲ್ಲ ಸರಕಾರದ ಕಾರ್ಖಾನೆಗಳಲ್ಲಿ ಅಳತೆ ಹಿಡಿದು, ಒತ್ತಡ ಪರೀಕ್ಷೆ ಮಾಡಿ, ಮುದ್ರೆ ಒತ್ತಿ ಹೊರಬಂದವು. ಊರಿನ ಕುಲುಮೆಯಲ್ಲೋ ಲೇತ್ ಅಂಗಡಿಯಲ್ಲೋ ಕತ್ತಲೆಗೆ ಮಾಡಿಸುವ ಕೆಲಸವನ್ನು ಇದಕ್ಕೆ ಹೋಲಿಸುವಂತಿಲ್ಲ. ನಳಿಗೆಯ ನೇರಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗುಂಡು ಬಾಯಿಯ ಕೊಳವೆಗೆ ಬಡಿಯುತ್ತದೆ. ಒಡೆದ ಕಬ್ಬಿಣ ಯಾವ ಕಡೆ ಹಾರೀತು ಎಂದು ಹೇಳಲಾಗದು. ಹಾರಿಸುವವನ ಮುಖ ಅಲ್ಲಿಯೇ ಇರುತ್ತದೆ.

ಕಾನೂನು ಇದನ್ನು ಇನ್ನೂ ಗಂಭೀರವಾಗಿ ಕಾಣುತ್ತದೆ. ನಳಿಗೆ ತುಂಡು ಮಾಡುವುದು ಮೊದಲೇ ಅಪರಾಧವಾಗಿತ್ತು. 2019ರ ತಿದ್ದುಪಡಿಯಲ್ಲಿ ಒಂದು ವರ್ಗದ ಬಂದೂಕನ್ನು ಪರವಾನಿಗೆ ಇಲ್ಲದೆ ಇನ್ನೊಂದು ವರ್ಗಕ್ಕೆ ಬದಲಾಯಿಸುವುದನ್ನೂ ಅದರ ಜತೆ ಸೇರಿಸಲಾಯಿತು. ಶಿಕ್ಷೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಮಂಗ ತಿಂದ ಸೀಯಾಳಕ್ಕೆ ಇಷ್ಟು ಬೆಲೆ ತೆರುವವರು ಯಾರು?

ಇಲ್ಲಿ ಇನ್ನೊಂದು ಸಂಗತಿ ಯೋಚಿಸಬೇಕು. ನಮ್ಮ ಊರಿನ ಬೆಡಿ ಹುಟ್ಟಿದ್ದೇ ಸದ್ದಿಗಾಗಿ. ಕಾಯಿದೆ ಕೃಷಿಕನಿಗೆ ಕೊಡುವುದು ಮುಖ್ಯವಾಗಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ನಯವಾದ ನಳಿಗೆಯ ಕೋವಿ. ಅದರ ಉದ್ದೇಶ ಬೆಳೆರಕ್ಷಣೆ. ಆಕಾಶಕ್ಕೆ ಒಂದು ಈಡು ಬಿಟ್ಟರೆ ಮಂಗಗಳು ಗುಡ್ಡ ದಾಟುತ್ತವೆ, ಹಂದಿ ಆ ರಾತ್ರಿ ತಿರುಗಿ ಬರುವುದಿಲ್ಲ. ಜಾತ್ರೆಯ ಗರ್ನಾಲಿನ ಸದ್ದು ಊರಿಗೆ ಸುದ್ದಿ ಮುಟ್ಟಿಸುವ ಹಾಗೆಯೇ ಇದೂ. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇರುವುದೂ ಸದ್ದನ್ನು ನೆರೆಯವರು ಕೇಳಲಿ ಎಂದೇ. ಸದ್ದಡಗಿಸಿದ ಕೋವಿಯಿಂದ ಬೆದರಿಸಲಾಗದು, ಕೊಲ್ಲಲು ಮಾತ್ರ ಆಗುತ್ತದೆ. ಬೆಳೆರಕ್ಷಣೆಯ ಪರವಾನಿಗೆಯೇ ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೋಟದ ಬೇಲಿಯ ಒಳಗೂ ಅನ್ವಯಿಸುತ್ತದೆ.

ಕೊಡವ ಬಂಧುಗಳಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಿಗೆಯಿಂದ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕರಾವಳಿಯವರಿಗೆ ಆ ವಿನಾಯಿತಿ ಇಲ್ಲ. ನಮಗೆ ಕಾಗದವೇ ಆಧಾರ.

ಆ ಕಾಗದದ ದಾರಿ ಕಷ್ಟದ್ದೇನೂ ಅಲ್ಲ, ತಾಳ್ಮೆ ಬೇಕು. ಪರವಾನಿಗೆದಾರ ತೀರಿಕೊಂಡ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಿಗೆ ಪಡೆದ ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟು ರಶೀದಿ ಪಡೆಯಬೇಕು. ಠೇವಣಿ ಇಟ್ಟರೆ ಕೋವಿ ಹೋಯಿತು ಎಂದು ಹೆದರಿ ಅಟ್ಟದಲ್ಲಿ ಅಡಗಿಸುವವರೇ ನಮ್ಮಲ್ಲಿ ಹೆಚ್ಚು. ನಿಜ ಸಂಗತಿ ಬೇರೆ. ವಾರಸುದಾರನಿಗೆ ಪರವಾನಿಗೆ ಸಿಕ್ಕಿದ ಮೇಲೆ ಅದೇ ಕೋವಿಯನ್ನು ವಾಪಸು ಪಡೆಯುವ ಹಕ್ಕು ಕಾಯಿದೆಯಲ್ಲಿಯೇ ಇದೆ. 2016ರ ನಿಯಮಾವಳಿಯಂತೆ ಪರವಾನಿಗೆದಾರರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಬಹುದು. ಅವರಿಗೆ 70 ವರ್ಷ ತುಂಬಿರಬೇಕು ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದಿರಬೇಕು, ಯಾವುದು ಮೊದಲೋ ಅದು. ಊರಿನಲ್ಲಿ ತಂದೆ ಇನ್ನೂ ಗಟ್ಟಿಯಾಗಿರುವ ಮನೆಯವರು ಈ ಒಂದು ಮಾತನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಆಸ್ತಿ ಪಾಲಿನ ಜಗಳ ಇರುವಲ್ಲಿ ಇದೇ ದೊಡ್ಡ ಗಂಟು.

ಯಾರ ಹೆಸರಿಗೆ ಮಾಡಿಸಬೇಕು ಎಂಬುದು ಮುಂದಿನ ಪ್ರಶ್ನೆ. ಸಯನ್‌ನಲ್ಲಿ ಕುಳಿತವನಿಗೆ ಬೆಳೆರಕ್ಷಣೆಯ ಕೋವಿ ಕೇಳುವುದರಲ್ಲಿ ಅರ್ಥವಿಲ್ಲ, ಇಲ್ಲಿ ಮಂಗ ಓಡಿಸಲು ಅವನಲ್ಲಿ ತೋಟವಿಲ್ಲ. ತೋಟದಲ್ಲಿ ಇರುವವರ ಹೆಸರಿಗೇ ಆಗಬೇಕು. ತಮ್ಮನಾಗಬಹುದು, ಅತ್ತಿಗೆಯಾಗಬಹುದು, ತಾಯಿಯೂ ಆಗಬಹುದು. ಹೆಂಗಸರಿಗೆ ಕೊಡುವುದಿಲ್ಲ ಎನ್ನುವುದು ಊರಿನ ಕಟ್ಟೆಯ ಕಾನೂನು ಮಾತ್ರ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರಬಾರದು, ವಾರಸಿನಿಂದ ಬಂದದ್ದೂ ಈ ಲೆಕ್ಕದೊಳಗೆ. ಪರವಾನಿಗೆಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಮುಂಬಯಿಯಲ್ಲಿ ಸ್ವಂತ ರಕ್ಷಣೆಗೆಂದು ಕೋವಿ ಬೇಕೆನ್ನುವವರು ಇಲ್ಲಿನ ಪೊಲೀಸ್ ಕಮಿಷನರರ ಕಚೇರಿಗೆ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕೂ ಊರಿನ ಕೋವಿಗೂ ಸಂಬಂಧವಿಲ್ಲ.

ಬೆಳ್ತಂಗಡಿಯ ಆ ಮನೆಯಲ್ಲಿ ಕಿರಿಯ ಮಗನ ಹೆಸರಿನಲ್ಲಿ ಅರ್ಜಿ ಹೋಗಿದೆ, ಅಣ್ಣನೂ ತಾಯಿಯೂ ಒಪ್ಪಿಗೆ ಬರೆದುಕೊಟ್ಟಿದ್ದಾರೆ. ಕೋವಿ ಈಗ ಠಾಣೆಯಲ್ಲಿದೆ. ಮಂಗ ಓಡಿಸಲು ತಾತ್ಕಾಲಿಕವಾಗಿ ಡಬ್ಬಿ ಬಡಿಯುವ ಹುಡುಗನೊಬ್ಬನನ್ನು ನೇಮಿಸಿದ್ದಾರಂತೆ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸುವ ತಲೆಬೇನೆ ಬೇರೆ ಇದೆ. ಫಸಲು ಕೈಗೆ ಬರುವ ಹೊತ್ತಿಗೇ ಆದೇಶ ಬಂದರೆ ಕೃಷಿಕ ಕೈಕಟ್ಟಿ ಕೂರಬೇಕು. ಗೋವಾದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2009ರಲ್ಲಿ, ಎಲ್ಲರಿಂದಲೂ ಕಣ್ಣುಮುಚ್ಚಿ ಕೋವಿ ಕಸಿಯಬಾರದು, ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನಿಸಬೇಕು ಎಂಬ ಅರ್ಥದ ತೀರ್ಪು ಕೊಟ್ಟಿತ್ತು. ವಿನಾಯಿತಿ ಕೇಳಿ ಅರ್ಜಿ ಹಾಕುವವರಿಗೆ ಇದು ಉಪಯೋಗಕ್ಕೆ ಬಂದೀತು.

ಪಾಯಿಂಟ್ ಟೂಟೂ ರೈಫಲಿನ ಮೇಲೆ ನಿಜವಾದ ಆಸೆ ಇರುವ ಯುವಕ-ಯುವತಿಯರಿಗೆ ಬೇರೆ ದಾರಿ ಇದೆ. ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ರೇಂಜ್ ಸಯನ್‌ನಿಂದ ದೂರವೇನಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಮುಂಬಯಿಯ ಮಗ್ಗುಲಿನಲ್ಲೇ ನೆಲೆಸಿ, 2004ರ ಅಥೆನ್ಸ್ ಒಲಿಂಪಿಕ್ಸ್‌ನ ಏರ್ ರೈಫಲ್ ಫೈನಲ್ ತಲುಪಿದ ಸುಮಾ ಶಿರೂರು ನಮ್ಮ ಹೆಮ್ಮೆ. ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಸ್ಪರ್ಧೆಯ ಕಂಚು ಗೆದ್ದದ್ದು ಇದೇ ರಿಮ್‌ಫೈರ್ ತೋಟಾದಿಂದ. ರೇಂಜಿನಲ್ಲಿ ಕಿವಿ ಕಾಯುವ ಉಪಾಯ ಬಹಳ ಸರಳ. ಕಿವಿಗೆ ಬಿರಡೆ ಇಟ್ಟುಕೊಳ್ಳುತ್ತಾರೆ.

ಮೇ ತಿಂಗಳ ರಜೆಗೆ ಊರಿಗೆ ಹೊರಡುವವರಿಗೆ ಒಂದು ಮಾತು ಬಾಕಿ ಇದೆ. ಅಟ್ಟ ಗುಡಿಸುವಾಗ ಹಳೆಯ ತೋಟಾಗಳು ಸಿಕ್ಕುವುದುಂಟು. ಅಪ್ಪನ ನೆನಪಿಗೆಂದು ಒಂದನ್ನು ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಲು ಹೋದರೆ ತಪಾಸಣೆಯ ಯಂತ್ರದಲ್ಲಿ ಅದು ಕಂಡೇ ಕಾಣುತ್ತದೆ, ಮತ್ತೆ ಪ್ರಯಾಣ ಠಾಣೆಯ ಕಡೆಗೆ. ಕೋವಿಯ ಜತೆಯಲ್ಲೇ ತೋಟಾಗಳನ್ನೂ ಎಣಿಸಿ ಠಾಣೆಗೆ ಒಪ್ಪಿಸಿ, ರಶೀದಿಯಲ್ಲಿ ಅವುಗಳ ಸಂಖ್ಯೆ ಬರೆಸಿಕೊಳ್ಳಬೇಕು.