ಓದಿನ ಅಳತೆ

ಗ್ರಂಥಾಲಯದಲ್ಲಿ ಶೇಖರವಾಗಿರುವ ಪುಸ್ತಕಗಳ ಸಂಖ್ಯೆಯನ್ನು ಹೇಳುವುದು ಸುಲಭ. ಅವುಗಳಲ್ಲಿ ಎಷ್ಟನ್ನು ಜನರು ಓದಿದರೆಂಬುದನ್ನು ಹೇಳುವುದು ಕಷ್ಟ. ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದಾಗ ಪುಸ್ತಕದ ಉಪಯೋಗಕ್ಕೇ ಮೊದಲ ಸ್ಥಾನವನ್ನಿತ್ತರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ.

ಉಪಯೋಗವನ್ನು ಅಳೆಯದೆ ಬರಿದೆ ಊಹಿಸಿಕೊಂಡರೆ ಏನಾಗುತ್ತದೆಂಬುದನ್ನು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಅಧ್ಯಯನವೊಂದು ತೋರಿಸಿಕೊಟ್ಟಿತು. ಅಲ್ಲಿನ ಗ್ರಂಥಾಲಯವು ೧೯೬೯ರಲ್ಲಿ ಕೊಂಡ ಪುಸ್ತಕಗಳಲ್ಲಿ ನೂರಕ್ಕೆ ಸುಮಾರು ನಲವತ್ತು, ಮೊದಲ ಆರು ವರ್ಷಗಳಲ್ಲಿ ಒಮ್ಮೆಯೂ ಓದುಗರ ಮನೆಗೆ ಹೋಗಿರಲಿಲ್ಲ. ೧೯೭೯ರಲ್ಲಿ ಪ್ರಕಟವಾದ ಈ ಫಲಿತಾಂಶವು ಬಹಳ ವಾದವಿವಾದಗಳಿಗೆ ಎಡೆಗೊಟ್ಟಿತು. ನಿಯತಕಾಲಿಕಗಳ ಲೆಕ್ಕವಂತೂ ಇನ್ನೂ ತೊಡಕಿನದು. ಅವನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಓದಿದ ಸಂಚಿಕೆಯನ್ನು ಮೇಜಿನ ಮೇಲೆಯೇ ಬಿಡಬೇಕೆಂದು ಓದುಗರನ್ನು ಕೋರಿ, ದಿನದ ಕೊನೆಗೆ ಅವನ್ನು ಎಣಿಸುವ ಪದ್ಧತಿ ಹಲವೆಡೆ ಇತ್ತು. ಶಿಸ್ತಿನ ಓದುಗನೊಬ್ಬನು ಸಂಚಿಕೆಯನ್ನು ಮರಳಿ ಕಪಾಟಿನಲ್ಲಿಟ್ಟನೆಂದರೆ ಅವನ ಓದು ಲೆಕ್ಕದಿಂದ ಜಾರಿಹೋಗುತ್ತಿತ್ತು!

ವಿದ್ಯುನ್ಮಾನ ನಿಯತಕಾಲಿಕಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ಇವು ಗ್ರಂಥಾಲಯದ ಕಪಾಟಿನಲ್ಲಿರುವುದಿಲ್ಲ, ಪ್ರಕಾಶಕರ ಗಣಕಯಂತ್ರಗಳಲ್ಲಿರುತ್ತವೆ. ಗ್ರಂಥಾಲಯವು ಚಂದಾ ತೆತ್ತು, ತನ್ನ ಓದುಗರಿಗೆ ಅವುಗಳ ಬಾಗಿಲನ್ನು ತೆರೆಸುತ್ತದೆ. ಯಾವ ಲೇಖನವನ್ನು ಯಾವ ಸಂಸ್ಥೆಯವರು ಯಾವಾಗ ತೆರೆದರೆಂಬುದು ಆ ಯಂತ್ರಗಳಲ್ಲಿ ತಾನಾಗಿಯೇ ದಾಖಲಾಗುತ್ತದೆ. ಆದರೆ ಎಣಿಸುವವನೂ ಮಾರುವವನೂ ಒಬ್ಬನೇ ಆದಾಗ, ಎಣಿಕೆಗೆ ಒಂದು ನಿಯಮ ಬೇಕಲ್ಲವೆ? ಒಬ್ಬೊಬ್ಬ ಪ್ರಕಾಶಕನೂ ಒಂದೊಂದು ರೀತಿಯಲ್ಲಿ ಎಣಿಸುತ್ತಿದ್ದುದರಿಂದ ಒಬ್ಬನ ಅಂಕಿಯನ್ನು ಇನ್ನೊಬ್ಬನದರೊಡನೆ ಹೋಲಿಸುವಂತಿರಲಿಲ್ಲ. ಈ ಗೊಂದಲವನ್ನು ನೀಗಲು ಗ್ರಂಥಪಾಲರೂ ಪ್ರಕಾಶಕರೂ ಕೂಡಿ ೨೦೦೨ರಲ್ಲಿ ‘ಕೌಂಟರ್’ ಎಂಬ ಯೋಜನೆಯನ್ನು ಆರಂಭಿಸಿದರು.

ಅದರ ನಿಯಮಗಳಲ್ಲಿ ಕೆಲವು ಬಹು ಸ್ವಾರಸ್ಯವಾಗಿವೆ. ಓದುಗನು ಅವಸರದಿಂದ ಒಂದೇ ಕೊಂಡಿಯನ್ನು ಎರಡು ಬಾರಿ ಒತ್ತುವುದುಂಟು. ಆದುದರಿಂದ ಮೂವತ್ತು ಸೆಕೆಂಡುಗಳೊಳಗೆ ಒಬ್ಬನೇ ಒಂದೇ ಲೇಖನವನ್ನು ಎರಡು ಸಲ ಕೇಳಿದರೆ ಅದು ಒಂದೇ ಬಳಕೆ. ಯಂತ್ರಗಳೇ ಜಾಲದಲ್ಲಿ ಅಲೆದು ಪುಟಗಳನ್ನು ತೆರೆಯುವುದೂ ಉಂಟು. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇನ್ನೊಂದು ತೊಡಕು ಬಗೆಹರಿಯಲು ಹೆಚ್ಚು ಕಾಲ ಹಿಡಿಯಿತು. ಕೆಲವು ಜಾಲತಾಣಗಳಲ್ಲಿ ಲೇಖನವು ಮೊದಲು ಪುಟವಾಗಿ ತೆರೆದುಕೊಳ್ಳುತ್ತದೆ; ಓದುಗನು ಅನಂತರ ಅದರ ಪಿಡಿಎಫ್ ಪ್ರತಿಯನ್ನು ಇಳಿಸಿಕೊಳ್ಳುತ್ತಾನೆ. ಓದು ಒಂದು, ಲೆಕ್ಕ ಎರಡು! ೨೦೧೯ರಿಂದ ಜಾರಿಗೆ ಬಂದ ಐದನೆಯ ಆವೃತ್ತಿಯಲ್ಲಿ, ಒಂದು ಅವಧಿಯಲ್ಲಿ ಒಬ್ಬನು ಒಂದು ಲೇಖನವನ್ನು ಯಾವ ರೂಪದಲ್ಲಿ ಎಷ್ಟು ಸಲ ಪಡೆದರೂ ಒಂದೆಂದೇ ತೋರಿಸುವ ಪ್ರತ್ಯೇಕ ಎಣಿಕೆಯನ್ನು ಸೇರಿಸಲಾಯಿತು.

ಈ ಅಂಕಿಗಳು ಬಂದೊಡನೆ ಗ್ರಂಥಪಾಲನು ಚಂದಾ ಹಣವನ್ನು ಬಳಕೆಯ ಸಂಖ್ಯೆಯಿಂದ ಭಾಗಿಸುತ್ತಾನೆ. ಅರವತ್ತು ಸಾವಿರ ರೂಪಾಯಿಯ ಪತ್ರಿಕೆಯೊಂದನ್ನು ಆರುನೂರು ಸಲ ತೆರೆದಿದ್ದರೆ ಒಂದು ಬಳಕೆಗೆ ನೂರು ರೂಪಾಯಿ. ಅಷ್ಟೇ ಬೆಲೆಯ ಮತ್ತೊಂದನ್ನು ಇಪ್ಪತ್ತೇ ಸಲ ತೆರೆದಿದ್ದರೆ ಮೂರು ಸಾವಿರ. ಎರಡನೆಯದನ್ನು ನಿಲ್ಲಿಸಿಬಿಡೋಣವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಆ ಇಪ್ಪತ್ತು ಸಲ ತೆರೆದವರು ಒಂದು ಸಣ್ಣ ವಿಭಾಗದ ಇಬ್ಬರು ಸಂಶೋಧಕರಾಗಿರಬಹುದು. ಅವರ ವಿಷಯಕ್ಕೆ ಬೇರೆ ಪತ್ರಿಕೆಯೇ ಇಲ್ಲದಿರಬಹುದು. ಅಲ್ಲದೆ ತೆರೆದುದೆಲ್ಲ ಓದಿದಂತಲ್ಲ. ನೂರು ಲೇಖನಗಳನ್ನು ಇಳಿಸಿಕೊಂಡು ಒಂದನ್ನೂ ಓದದವನುಂಟು. ಒಂದನ್ನು ಇಳಿಸಿಕೊಂಡು ಹತ್ತು ಮಂದಿಗೆ ಹಂಚಿದವನೂ ಉಂಟು. ಯಂತ್ರಕ್ಕೆ ಇವರಿಬ್ಬರ ಭೇದ ತಿಳಿಯದು. ಅಂಕಿಯನ್ನು ಕೈಯಲ್ಲಿ ಹಿಡಿದು ಅಧ್ಯಾಪಕರ ಬಳಿಗೆ ಹೋಗಿ ವಿಚಾರಿಸುವ ಗ್ರಂಥಪಾಲನ ನಿರ್ಧಾರವೇ ಹೆಚ್ಚು ನಂಬತಕ್ಕದ್ದು.

ಭಾರತದಲ್ಲಿ ಈ ಲೆಕ್ಕಕ್ಕೆ ಈಗ ವಿಶೇಷ ಮಹತ್ತ್ವ ಬಂದಿದೆ. ಕೇಂದ್ರ ಸರ್ಕಾರವು ೨೦೨೪ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತು, ೨೦೨೫ರಿಂದ ಮೂರು ವರ್ಷಗಳಿಗೆ ಸುಮಾರು ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ನಿಯತಕಾಲಿಕಗಳನ್ನು ೬,೩೦೦ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಒದಗಿಸುವುದು ಇದರ ಉದ್ದೇಶ. ಪ್ರಜೆಗಳ ತೆರಿಗೆಯ ಹಣವು ಸಾರ್ಥಕವಾಯಿತೆ ಎಂದು ಕೇಳುವವರಿಗೆ ಉತ್ತರ ಹೇಳಲು ಬಳಕೆಯ ಅಂಕಿಗಳು ಬೇಕು. ದೂರದ ಊರಿನ ಕಾಲೇಜೊಂದರ ಅಂಕಿ ಸೊನ್ನೆಯೆಂದು ಬಂದರೆ, ಅಲ್ಲಿನವರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಇಂಥ ಸೌಲಭ್ಯವಿದೆಯೆಂದು ಅವರಿಗೆ ಯಾರೂ ಹೇಳದಿದ್ದಿರಬಹುದು.

ಕೌಂಟರ್ ವರದಿಗಳಲ್ಲಿ ಇನ್ನೊಂದು ಎಣಿಕೆಯೂ ಇದೆ. ಲೇಖನವನ್ನು ಕೇಳಿ, ತಮ್ಮ ಸಂಸ್ಥೆಯು ಚಂದಾ ತೆತ್ತಿಲ್ಲವೆಂಬ ಕಾರಣದಿಂದ ಓದಲಾಗದೆ ಹಿಂದಿರುಗಿದ ಪ್ರಸಂಗಗಳನ್ನು ಅದು ತಿಂಗಳು ತಿಂಗಳಿಗೂ ದಾಖಲಿಸುತ್ತದೆ. ಮುಂದಿನ ವರ್ಷದ ಪಟ್ಟಿಯನ್ನು ಸಿದ್ಧಪಡಿಸುವ ಗ್ರಂಥಪಾಲನು ಮೊದಲು ನೋಡಬೇಕಾದ ಸಾಲು ಅದು.