ಮುಚ್ಚಬೇಕಾಗಿದ್ದ ಒಂದು ಇಗರ್ಜಿ ಶಾಲೆ

ಶಾಲೆಯೊಂದಕ್ಕೆ ಅವಸಾನಕಾಲವು ಸಮೀಪಿಸಿದರೆ ಅದರ ಲಕ್ಷಣವು ಮೊಟ್ಟಮೊದಲು ಹಾಜರಿ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದನೆಯ ತರಗತಿಯ ಹೆಸರುಗಳು ಅರ್ಧಪುಟಕ್ಕೇ ನಿಲ್ಲುತ್ತವೆ. ಮರುವರ್ಷ ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸುತ್ತಾರೆ. ಅದರ ಮರುವರ್ಷ ಉಪಾಧ್ಯಾಯರೊಬ್ಬರು ಹೆಚ್ಚಾದರೆಂದು ಬೇರೆಡೆಗೆ ಹೋಗುತ್ತಾರೆ. ಕರಾವಳಿಯ ಒಂದು ಇಗರ್ಜಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾವು ಈ ಕ್ರಮವನ್ನು ಕಣ್ಣಾರೆ ಕಂಡವರು. ಆದುದರಿಂದಲೇ, ಅಮೆರಿಕಾ ದೇಶದ ಮೇರಿಲ್ಯಾಂಡ್ ಸಂಸ್ಥಾನದ ಹಯಾಟ್ಸ್‌ವಿಲ್ ಎಂಬ ಊರಿನಲ್ಲಿ ಇದೇ ದಾರಿ ಹಿಡಿದಿದ್ದ ಒಂದು ಶಾಲೆಯು ಹಿಂದಿರುಗಿ ಬಂದ ವೃತ್ತಾಂತವು ನಮ್ಮ ಮನಸ್ಸನ್ನು ಹಿಡಿಯಿತು. ವಾಚಕ ಮಹಾಶಯರಲ್ಲಿ ಅದನ್ನು ನಿವೇದಿಸುವೆವು.

ಮೊದಲು ಆ ದೇಶದ ಕ್ಯಾಥೊಲಿಕ್ ಶಾಲೆಗಳ ಪೂರ್ವೋತ್ತರವನ್ನು ಹೇಳಬೇಕು. 1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ನೆರೆದ ಬಿಷಪರ ಮಹಾಸಭೆಯು, ಪ್ರತಿಯೊಂದು ಇಗರ್ಜಿಯ ಬಳಿಯಲ್ಲಿಯೂ ಎರಡು ವರ್ಷಗಳೊಳಗಾಗಿ ಒಂದು ಶಾಲೆ ಏಳತಕ್ಕದ್ದೆಂದು ವಿಧಿಸಿತು. ಐರ್ಲೆಂಡ್, ಜರ್ಮನಿ, ಇಟಲಿ, ಪೋಲೆಂಡ್ ದೇಶಗಳಿಂದ ವಲಸೆ ಬಂದ ಕೂಲಿಕಾರರು ಕಾಸಿಗೆ ಕಾಸು ಕೂಡಿಸಿ ಅವುಗಳನ್ನು ಕಟ್ಟಿದರು. ಕಲಿಸಿದವರು ಬಹುಮಟ್ಟಿಗೆ ಕನ್ಯಾಸ್ತ್ರೀಯರು. ಅವರಿಗೆ ಸಲ್ಲುತ್ತಿದ್ದುದು ಹೊಟ್ಟೆಬಟ್ಟೆಗೆ ಸಾಲುವಷ್ಟು ಮಾತ್ರ. 1960ರ ದಶಕದ ಮಧ್ಯದಲ್ಲಿ ಆ ದೇಶದ ಕ್ಯಾಥೊಲಿಕ್ ಶಾಲೆಗಳ ಮಕ್ಕಳು 50 ಲಕ್ಷಕ್ಕೂ ಅಧಿಕರಾಗಿದ್ದರು. 2021ರ ಹೊತ್ತಿಗೆ 16-17 ಲಕ್ಷಕ್ಕೆ ಇಳಿದರು. 1950ರಲ್ಲಿ ಉಪಾಧ್ಯಾಯವರ್ಗದಲ್ಲಿ ನೂರಕ್ಕೆ ತೊಂಬತ್ತು ಮಂದಿ ಸಂನ್ಯಸ್ತರಾಗಿದ್ದರೆ, ಈಗ ನೂರಕ್ಕೆ ಐದು ಮಂದಿಯೂ ಇಲ್ಲ. ಸಂಸಾರಸ್ಥನಾದ ಉಪಾಧ್ಯಾಯನಿಗೆ ಸಂಬಳ ಬೇಕು. ಸಂಬಳವೇರಿದರೆ ಶುಲ್ಕವೇರುತ್ತದೆ, ಶುಲ್ಕವೇರಿದರೆ ಮಕ್ಕಳು ಇಳಿಯುತ್ತಾರೆ, ಮಕ್ಕಳು ಇಳಿದರೆ ಉಳಿದವರ ಶುಲ್ಕ ಮತ್ತೆ ಏರುತ್ತದೆ. ನಮ್ಮಲ್ಲಾದರೋ 1854ರ ವುಡ್ ಸಾಹೇಬರ ನಿರೂಪದಿಂದ ಮೊದಲ್ಗೊಂಡು ಖಾಸಗಿ ಶಾಲೆಗಳಿಗೆ ಸಹಾಯಧನವೀಯುವ ಪದ್ಧತಿಯೊಂದು ನಡೆದುಬಂದಿದೆ. ಅಲ್ಲಿ 1971ರಲ್ಲಿ ಶ್ರೇಷ್ಠ ನ್ಯಾಯಾಲಯವು, ಇಂಥ ಶಾಲೆಗಳ ಉಪಾಧ್ಯಾಯರ ಸಂಬಳಕ್ಕೆ ಸರಕಾರವು ಹಣ ಸಲ್ಲಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಈಚೆಗೆ ಕೆಲವು ಸಂಸ್ಥಾನಗಳು ತಂದೆತಾಯಿಗಳ ಕೈಗೆ ಶುಲ್ಕದ ಹಣವನ್ನು ಕೊಡತೊಡಗಿವೆ. ಅದು ಬೇರೆ ಮಾತು.

ಹಯಾಟ್ಸ್‌ವಿಲ್ ಎಂಬುದು ರಾಜಧಾನಿಯಾದ ವಾಷಿಂಗ್ಟನ್ನಿಗೆ ಅಂಟಿಕೊಂಡ ಊರು. ಅಲ್ಲಿನ ಸಂತ ಜೆರೋಮರ ಇಗರ್ಜಿಗೆ ಸೇರಿದ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಪಾಠ ನಡೆಯುತ್ತದೆ. 2009-10ರ ವೇಳೆಗೆ ಮಕ್ಕಳು ಇಳಿದು, ಸಾಲವು ಬೆಳೆದು, ಮುಚ್ಚುವ ಮಾತು ಬಂದಿತು. ಇಂಥ ಸಮಯದಲ್ಲಿ ಲೋಕದಲ್ಲಿ ಎಲ್ಲರೂ ಮಾಡುವುದು ಒಂದೇ: ಗೋಡೆಗೆ ಸುಣ್ಣ ಬಳಿಯುವುದು, ಕಂಪ್ಯೂಟರ್ ತರಿಸುವುದು, ಸಹಾಯಾರ್ಥ ಪ್ರದರ್ಶನವೇರ್ಪಡಿಸುವುದು. ಅಲ್ಲಿಯ ಮುಖ್ಯೋಪಾಧ್ಯಾಯಿನಿಯೂ ಇಗರ್ಜಿಯ ಕೆಲವು ಗೃಹಸ್ಥರೂ ಕಲೆತು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಂಡರು. ಬಂದ ಮಗುವಿಗೆ ನಾವು ಕೊಡುವುದೇನು? ಎಂಟು ವರ್ಷ ಕಳೆದು ಹೊರಗೆ ಹೋಗುವಾಗ ಅದಕ್ಕೆ ಯಾವುದರಲ್ಲಿ ಪ್ರೀತಿ ಹುಟ್ಟಿರಬೇಕು?

ಉತ್ತರವಾಗಿ ಅವರು ಒಂದು ವಿದ್ಯಾಯೋಜನೆಯನ್ನೇ ಬರೆದು 2010ರಿಂದ ಆಚರಣೆಗೆ ತಂದರು. ಚರಿತ್ರೆಯನ್ನು ಪುರಾತನ ಕಾಲದಿಂದ ಆರಂಭಿಸಿ ಕ್ರಮವಾಗಿ ಕಲಿಸುವುದು, ಸಾಹಿತ್ಯ, ಚಿತ್ರಕಲೆ, ಧರ್ಮಬೋಧೆಗಳನ್ನು ಆ ಕಾಲಕ್ಕೇ ಹೊಂದಿಸುವುದು, ಪದ್ಯಗಳನ್ನು ಕಂಠಪಾಠ ಮಾಡಿಸುವುದು, ಹೊರಗೆ ಕರೆದೊಯ್ದು ಗಿಡಮರಗಳನ್ನು ನೋಡಿ ಬರೆಯಿಸುವುದು, ಇದರೊಡನೆ ಲ್ಯಾಟಿನ್. ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಜೆರೋಮರು ಬೈಬಲ್ಲನ್ನು ಲ್ಯಾಟಿನ್ನಿಗೆ ಪರಿವರ್ತಿಸಿದ ಮಹಾಪಂಡಿತರು. ಅವರ ಹೆಸರಿನ ಶಾಲೆಯಲ್ಲಿ ಎಳೆಯ ಮಕ್ಕಳು ಮತ್ತೆ ಆ ಭಾಷೆಯ ವಿಭಕ್ತಿಗಳನ್ನು ಒಪ್ಪಿಸುವರೆಂದು ಓದಿದಾಗ ನಮಗಾದ ಸಂತೋಷವನ್ನು ಏಕೆ ಮರೆಮಾಚಬೇಕು? ಲ್ಯಾಟಿನ್ನಿನ ನಾಮಪದಕ್ಕೂ ನಮ್ಮ ರಾಮಶಬ್ದದಂತೆಯೇ ಬೇರೆ ಬೇರೆ ರೂಪಗಳುಂಟು. ನಮ್ಮ ಮಾತೃಶಬ್ದವು ಅಲ್ಲಿ ಮಾತೆರ್ ಎಂದಿದೆ. ಉಪಾಧ್ಯಾಯರಿಗೆ ಎಷ್ಟು ಶ್ರಮವಾಗಿರಬೇಕೆಂಬುದನ್ನು ಊಹಿಸಬಲ್ಲೆವು. ತಾವು ಕಲಿಯದಿದ್ದುದನ್ನು ಕಲಿತು ಕಲಿಸುವುದು ಐವತ್ತರ ವಯಸ್ಸಿನಲ್ಲಿ ಸುಲಭವಲ್ಲ. ಆದರೂ ಶಾಲೆ ಮುಚ್ಚಲಿಲ್ಲ, ಮಕ್ಕಳು ಹೆಚ್ಚಿದರು. ದೂರದ ಇಗರ್ಜಿ ಶಾಲೆಗಳೂ ಆ ಯೋಜನೆಯ ಪ್ರತಿಯನ್ನು ತರಿಸಿಕೊಂಡು ಅದರಂತೆ ನಡೆಯತೊಡಗಿದವು.

ಹಣವೇ ಮುಖ್ಯವೆನ್ನುವವರುಂಟು. ಅವರು ಟೆನೆಸ್ಸೀ ಸಂಸ್ಥಾನದ ಮೆಂಫಿಸ್ ನಗರದ ಕಥೆಯನ್ನು ನೋಡಬೇಕು. ಅಲ್ಲಿ ಬಡವರ ಕೇರಿಗಳಲ್ಲಿ ಬಹುಕಾಲದಿಂದ ಬೀಗ ಬಿದ್ದಿದ್ದ ಕ್ಯಾಥೊಲಿಕ್ ಶಾಲೆಗಳನ್ನು, ಹೆಸರು ಹೇಳಲೊಲ್ಲದ ದಾತರ ಹೇರಳವಾದ ದ್ರವ್ಯದಿಂದ, ಬಿಷಪ್ ಸ್ಟೈಬ್ ಅವರು 1999ರಿಂದ ಒಂದೊಂದಾಗಿ ತೆರೆದರು. ಮಕ್ಕಳಲ್ಲಿ ಬಹುಮಂದಿ ಕ್ಯಾಥೊಲಿಕ್ಕರೇ ಅಲ್ಲ. ಸಾವಿರಾರು ಬಡಮಕ್ಕಳು ಅಲ್ಲಿ ಓದಿದರು. ಅದು ಸಣ್ಣ ಪುಣ್ಯವಲ್ಲ. ಆದರೆ ಬಡವರಿಂದ ಶುಲ್ಕವು ಹುಟ್ಟಲಿಲ್ಲ, ನಿಧಿಯು ಕರಗುತ್ತ ಬಂದಿತು, 2019ರಲ್ಲಿ ಆ ಶಾಲೆಗಳು ಮತ್ತೆ ಮುಚ್ಚಿದವು. ಹಯಾಟ್ಸ್‌ವಿಲ್ಲಿನವರ ಅನುಕೂಲವೂ ಮೆಂಫಿಸ್ಸಿನವರಿಗಿರಲಿಲ್ಲವೆಂಬುದನ್ನು ಒಪ್ಪಬೇಕು. ಅಲ್ಲಿ ವಿಶ್ವವಿದ್ಯಾನಿಲಯಗಳು ಹತ್ತಿರ. ಯೋಜನೆ ಬರೆಯಲು ಕುಳಿತವರಲ್ಲಿ ಪ್ರಾಧ್ಯಾಪಕರಿದ್ದರು. ಶುಲ್ಕ ಕೊಡಬಲ್ಲ ತಂದೆತಾಯಿಗಳಿದ್ದರು. ಕೇರಿಯ ಶಾಲೆಯು ಇವರನ್ನೆಲ್ಲಿಂದ ತಂದೀತು? ಈ ಪ್ರಶ್ನೆಗೆ ನಮ್ಮಲ್ಲಿ ಸಮಾಧಾನವಿಲ್ಲ.

ನಮ್ಮ ಶಾಲೆಯ ವಿಷಯವನ್ನೂ ಹೇಳಿಬಿಡುವೆವು. ಮಕ್ಕಳು ಇಳಿದ ವರ್ಷ ಸಂಚಾಲಕರಾದ ಪಾದ್ರಿಗಳು ಸಭೆ ಕರೆದರು. ಸಾತ್ತ್ವಿಕರು, ನಿಜವಾಗಿ ನೊಂದವರು. ಒಬ್ಬರು ಶಾಲಾವಾಹನ ಬೇಕೆಂದರು, ಒಬ್ಬರು ಹೊಸ ಸಮವಸ್ತ್ರವೆಂದರು, ಒಬ್ಬರು ಸಂಸ್ಕೃತದ ಅವಧಿಯನ್ನು ಇಂಗ್ಲಿಷ್ ಸಂಭಾಷಣೆಗೆ ಬಿಟ್ಟುಕೊಡಬೇಕೆಂದರು. ಪಾದ್ರಿಗಳು ನಮ್ಮ ಕಡೆ ತಿರುಗಿ, “ಪಂಡಿತರೇ, ತಾವೇನು ಹೇಳುತ್ತೀರಿ?” ಎಂದು ಕೇಳಿದರು. ಸ್ವಂತ ವಿಷಯಕ್ಕಾಗಿ ವಾದಿಸಿದರೆ ಸ್ವಾರ್ಥವೆನಿಸೀತೆಂದು ಹೆದರಿ, “ತಮ್ಮ ಚಿತ್ತ” ಎಂದೆವು. ಅದನ್ನು ವಿನಯವೆಂದು ಆಗ ಭಾವಿಸಿದ್ದೆವು. ವಾಹನ ಬಂದಿತು, ಸಮವಸ್ತ್ರ ಬಂದಿತು, ಮಕ್ಕಳು ಬರಲಿಲ್ಲ. ನಾಲ್ಕು ವರ್ಷಗಳಲ್ಲಿ ಶಾಲೆಯೇ ಹೋಯಿತು. ನಾವು ಬಾಯಿಬಿಟ್ಟಿದ್ದರೆ ಉಳಿಯುತ್ತಿತ್ತೆಂದು ಹೇಳಲಾರೆವು. ಆದರೆ ಮಕ್ಕಳಿಗೆ ಏನನ್ನು ಕಲಿಸಬೇಕೆಂಬ ಮಾತು ಆ ಸಭೆಯಲ್ಲಿ ಒಮ್ಮೆಯೂ ಬರಲಿಲ್ಲ, ಮತ್ತು ಅದನ್ನು ಎತ್ತಬೇಕಾಗಿದ್ದವರು ನಾವು.

ಬೀಗ ಹಾಕುವ ದಿನ ಪಾದ್ರಿಗಳು ಕಪಾಟಿನಲ್ಲಿದ್ದ ಶಬ್ದಮಂಜರಿಯ ಹತ್ತೊಂಬತ್ತು ಪ್ರತಿಗಳನ್ನು ನಮಗೆ ಕಟ್ಟಿಕೊಟ್ಟರು. ಎರಡಕ್ಕೆ ಗೆದ್ದಲು ಹಿಡಿದಿತ್ತು. ಉಳಿದವುಗಳಲ್ಲಿ ಮೂರು, ಸಾಯಂಕಾಲ ನಮ್ಮ ಜಗಲಿಗೆ ಬರುವ ನೆರೆಮನೆಯ ಮಕ್ಕಳ ಕೈಯಲ್ಲಿವೆ. ಅವರಲ್ಲಿ ಹಿರಿಯಳು ನಿನ್ನೆ ಮಾತೃಶಬ್ದವನ್ನು ಷಷ್ಠಿಯವರೆಗೆ ತಪ್ಪಿಲ್ಲದೆ ಒಪ್ಪಿಸಿದಳು.